ಸಬ್ಬತ್: ವಿಶ್ರಾಂತಿಯ ಅರ್ಥವಿಚಾರ

ವಾರಕ್ಕೊಂದು ದಿನ ಬಿಡುವು ಎಂಬುದು ಇಂದು ನಮಗೆ ಗಾಳಿ ನೀರಿನಷ್ಟೇ ಸಹಜವಾಗಿ ಹೋಗಿದೆ. ರವಿವಾರ ಬಂದರೆ ಶಾಲೆಗೆ ಬೀಗ, ಕಚೇರಿಗೆ ಬೀಗ. ಈ ಬಿಡುವು ಎಲ್ಲಿಂದ ಬಂದಿತು, ಇದನ್ನು ಮೊದಲು ಯಾರು ಯಾವ ಅರ್ಥದಲ್ಲಿ ಆಚರಿಸಿದರು ಎಂದು ಕೇಳುವವರು ಕಡಿಮೆ. ನಾನೂ ಕೇಳಿದವನಲ್ಲ. ಕೇಳುವಂತೆ ಮಾಡಿದುದು ಒಂದು ಸಣ್ಣ ಪ್ರಸಂಗ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಹತ್ತನೆಯ ಇಯತ್ತೆಯ ಪೂರ್ವಪರೀಕ್ಷೆ ನಡೆದಿತ್ತು. ಗಣಿತದ ಪತ್ರಿಕೆ ಶನಿವಾರಕ್ಕೆ ಬಿದ್ದಿತ್ತು. ಅಂದು ಒಬ್ಬ ಹುಡುಗ ಬರಲಿಲ್ಲ. ಹಾಜರಿಪಟ್ಟಿ ತಿರುವಿ ನೋಡಿದರೆ ಶನಿವಾರದ ಬೆಳಗಿನ ಶಾಲೆಗೆ ಅವನು ಬಂದೇ ಇಲ್ಲ. ಮೈಗಳ್ಳತನವೆಂದು ತಿಳಿದು ಗಣಿತಕ್ಕೆ ಸೊನ್ನೆ ಹಾಕಿಸಿದೆ. ಸೋಮವಾರ ಅವನ ತಂದೆ ಬಂದ. ಗೌಂಡಿ ಕೆಲಸದವನು. ಬಾಗಿಲ ಬಳಿ ನಿಂತು, “ಗುರುಗಳೇ, ಹುಡುಗಂದು ತಪ್ಪಿಲ್ಲರಿ. ಶನಿವಾರ ನಮ್ಮ ವಿಶ್ರಾಂತಿ ದಿನ. ಅವತ್ತು ನಾನೂ ಕೂಲಿಗೆ ಹೋಗಂಗಿಲ್ಲ” ಎಂದ. ಒಂದು ದಿನದ ರಜೆಗಾಗಿ ಮಗನ ವರ್ಷ ಕೆಡಿಸಿಕೊಳ್ಳುವಿರಾ ಎಂದು ನಾನು ಗದರಿಸಿದೆ. ಆತ ತಲೆ ಎತ್ತದೆ, “ರಜೆ ಅಲ್ಲರೀ ಅದು” ಎಂದಷ್ಟೇ ಹೇಳಿದ.

ಶನಿವಾರವನ್ನೇ ಸಬ್ಬತ್ತೆಂದು ಪಾಲಿಸುವ ಕ್ರೈಸ್ತ ಪಂಗಡವೊಂದಕ್ಕೆ ಸೇರಿದ ಕುಟುಂಬ ಅದೆಂದು ಆಮೇಲೆ ತಿಳಿಯಿತು. ಬೇರೆ ಪ್ರಶ್ನಪತ್ರಿಕೆ ತಯಾರಿಸಿ ಆ ಹುಡುಗನ ಪರೀಕ್ಷೆಯನ್ನು ಮಂಗಳವಾರ ತೆಗೆದುಕೊಂಡೆ. ಆದರೆ ರಜೆಗೂ ವಿಶ್ರಾಂತಿಗೂ ಏನು ಭೇದವೆಂಬ ಪ್ರಶ್ನೆ ನನ್ನಲ್ಲಿ ಉಳಿಯಿತು. ಬಿಡುವಾದಾಗ ಓದಿ ತಿಳಿದುಕೊಂಡುದನ್ನು ಸಹೋದ್ಯೋಗಿಗಳ ಮುಂದೆ ಇಡುತ್ತಿದ್ದೇನೆ.

ಶಬ್ದದ ಅರ್ಥ

ಹೀಬ್ರೂ ಭಾಷೆಯ ‘ಶಬ್ಬಾತ್’ ಎಂಬ ಮಾತೇ ಕನ್ನಡ ಸತ್ಯವೇದದಲ್ಲಿ ‘ಸಬ್ಬತ್’ ಎಂದಾಗಿದೆ. ಅದರ ಧಾತುವಿಗೆ ನಿಲ್ಲಿಸು, ಬಿಟ್ಟುಬಿಡು ಎಂದು ಅರ್ಥ. ಆದುದರಿಂದ ಮಲಗುವುದು, ದಣಿವಾರಿಸಿಕೊಳ್ಳುವುದು ಇದರ ಮೊದಲ ಅರ್ಥವಲ್ಲ. ಕೈಯಲ್ಲಿರುವ ಕೆಲಸವನ್ನು ತಿಳಿದೂ ತಿಳಿದೂ ನಿಲ್ಲಿಸುವುದೇ ಸಬ್ಬತ್. ನಮ್ಮ ‘ಶನಿವಾರ’ವು ಗ್ರಹದಿಂದ ಬಂದ ಹೆಸರು; ಸಬ್ಬತ್ತಿಗೆ ಗ್ರಹದ ಸಂಬಂಧವಿಲ್ಲ. ಹೀಬ್ರೂವಿನಲ್ಲಿ ಉಳಿದ ವಾರಗಳಿಗೆ ಒಂದನೆಯ ದಿನ, ಎರಡನೆಯ ದಿನ ಎಂದು ಬರಿಯ ಸಂಖ್ಯೆಗಳೇ ಹೆಸರು. ಏಳನೆಯದಕ್ಕೆ ಮಾತ್ರ ಸ್ವಂತ ಹೆಸರುಂಟು. ಅರಬ್ಬಿಯ ‘ಸಬ್ತ್’, ರಷ್ಯನ್ನರ ‘ಸುಬ್ಬೋತ’, ಗೋವೆಯನ್ನು ಬಹುಕಾಲ ಆಳಿದ ಪೋರ್ತುಗೀಜರ ‘ಸಾಬದು’ ಇವೆಲ್ಲ ಶನಿವಾರದ ಹೆಸರುಗಳೇ. ಎಲ್ಲಕ್ಕೂ ಮೂಲ ಆ ಹೀಬ್ರೂ ಮಾತು.

ಎರಡು ಕಾರಣಗಳು

ದಶಾಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆ ಒಂದು. ಈ ದಶಾಜ್ಞೆಗಳು ಹಳೆಯ ಒಡಂಬಡಿಕೆಯಲ್ಲಿ ಎರಡು ಕಡೆ ಬರುತ್ತವೆ: ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಒಮ್ಮೆ, ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ. ಆಜ್ಞೆ ಒಂದೇ ಆದರೂ ಕಾರಣಗಳು ಬೇರೆ ಬೇರೆ.

ಮೊದಲನೆಯ ಕಡೆ ಹೇಳಿದ ಕಾರಣ ಸೃಷ್ಟಿ. ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ಕೆಲಸ ನಿಲ್ಲಿಸಿದನು. ಆದುದರಿಂದ ಮನುಷ್ಯನೂ ನಿಲ್ಲಿಸಬೇಕು. ಆದಿಕಾಂಡದ ಕಥೆಯಲ್ಲಿ ಮೊಟ್ಟಮೊದಲು ‘ಪವಿತ್ರ’ವೆನಿಸಿಕೊಂಡುದು ಬೆಟ್ಟವಲ್ಲ, ನದಿಯಲ್ಲ, ಗುಡಿಯಲ್ಲ, ಒಂದು ದಿನ. ಯೆಹೂದ್ಯ ಚಿಂತಕ ಅಬ್ರಹಾಂ ಜೋಶುವಾ ಹೆಷೆಲನು 1951ರಲ್ಲಿ ಪ್ರಕಟಿಸಿದ ‘ದಿ ಸಬ್ಬತ್’ ಎಂಬ ಪುಸ್ತಕದಲ್ಲಿ ಈ ಅಂಶವನ್ನು ವಿಸ್ತರಿಸಿ, ಯೆಹೂದ್ಯರು ಕಲ್ಲಿನಿಂದಲ್ಲ, ಕಾಲದಿಂದ ಅರಮನೆ ಕಟ್ಟಿಕೊಂಡವರೆಂದು ತೋರಿಸಿದ್ದಾನೆ. ದೇವಾಲಯ ನಾಶವಾದರೂ, ಊರು ಬಿಟ್ಟು ಓಡಬೇಕಾಗಿ ಬಂದರೂ, ಈ ಅರಮನೆಯನ್ನು ಶತ್ರುವು ಸುಡಲಾರನು.

ಎರಡನೆಯ ಕಡೆ ಹೇಳಿದ ಕಾರಣ ಬಿಡುಗಡೆ. ನೀವು ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ಅದನ್ನು ನೆನೆಯಿರಿ ಎಂಬುದು ಅದರ ತಾತ್ಪರ್ಯ. ಗುಲಾಮನಿಗೆ ತನ್ನದೆಂಬ ದಿನವಿಲ್ಲ. ಅವನ ಹೊತ್ತೆಲ್ಲ ಒಡೆಯನದು. ಹೀಗಾಗಿ ವಾರಕ್ಕೊಂದು ದಿನ ಕೆಲಸ ನಿಲ್ಲಿಸಬಲ್ಲವನೇ ಸ್ವತಂತ್ರನು. ಆದರೆ ಆ ಸ್ವಾತಂತ್ರ್ಯ ಮನೆಯ ಯಜಮಾನನೊಬ್ಬನಿಗೆ ಸಿಕ್ಕರೆ ಸಾಲದು. ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರೊಳಗಿರುವ ಪರದೇಶಿ ಇವರೆಲ್ಲರನ್ನೂ ಆಜ್ಞೆಯು ಹೆಸರಿಟ್ಟು ಹೇಳುತ್ತದೆ. ತಾನು ವಿಶ್ರಮಿಸುತ್ತ ದಾಸನನ್ನು ದುಡಿಸಿದರೆ ಅದು ಸಬ್ಬತ್ ಆಗದು. ಅಂಥವನು ತನ್ನ ಮನೆಯಲ್ಲಿ ತಾನೇ ಫರೋಹನಾದಂತೆ.

ಇಲ್ಲಿ ಭಾಷಾಭ್ಯಾಸಿಗಳು ಗಮನಿಸಬೇಕಾದ ಒಂದು ವಿಶೇಷವುಂಟು. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ದಾಸಿಯ ಮಗನೂ ಪರದೇಶಿಯೂ ಆ ದಿನ ದಣಿವಾರಿಸಿಕೊಳ್ಳಲಿ ಎನ್ನುವಲ್ಲಿ ಬಳಸಿದ ಕ್ರಿಯಾಪದ ‘ಉಸಿರು, ಪ್ರಾಣ’ ಎಂಬ ಅರ್ಥದ ನಾಮಪದಕ್ಕೆ ಸಂಬಂಧಿಸಿದ್ದು. ಹಳೆಯ ಒಡಂಬಡಿಕೆಯಲ್ಲಿ ಬಹು ವಿರಳವಾದ ಆ ಪದವೇ 31ನೆಯ ಅಧ್ಯಾಯದಲ್ಲಿ ದೇವರ ವಿಶ್ರಾಂತಿಗೂ ಬಂದಿದೆ. ‘ಉಸಿರಾಡಲು ಪುರುಸೊತ್ತಿಲ್ಲ’ ಎಂದು ನಾವು ಕನ್ನಡದಲ್ಲಿ ಹೇಳುತ್ತೇವಷ್ಟೆ. ಲೋಕವನ್ನು ಸೃಷ್ಟಿಸಿದವನಿಗೂ ದಾಸಿಯ ಮಗನಿಗೂ ಉಸಿರಾಡುವ ಪುರುಸೊತ್ತು ಒಂದೇ ಎಂದು ಆ ಗ್ರಂಥ ಹೇಳುತ್ತದೆ.

ಎತ್ತಿಗೂ ಬಿಡುವೆಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. ಸೋಮವಾರ ಬಸವಣ್ಣನ ವಾರವೆಂದು ಎತ್ತು ಹೂಡದ ಪದ್ಧತಿ ನಮ್ಮ ಕಡೆಯ ಹಳ್ಳಿಗಳಲ್ಲಿ ಉಂಟು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುವುದಿಲ್ಲ. ದುಡಿಯುವ ಪಶುವಿನ ಮೇಲಣ ಕರುಣೆ ಎರಡು ಕಡೆಯೂ ಧರ್ಮದ ರೂಪ ತಾಳಿದೆ ಎಂಬಷ್ಟೇ ಹೋಲಿಕೆ.

ಈ ವಿಚಾರ ಭೂಮಿಗೂ ಹಬ್ಬಿತು. ಏಳನೆಯ ವರ್ಷ ಹೊಲವನ್ನು ಬೀಳುಬಿಡಬೇಕು, ತಾನಾಗಿ ಬೆಳೆದುದು ಬಡವರಿಗೂ ಕಾಡುಮೃಗಗಳಿಗೂ ಸಲ್ಲಬೇಕು ಎಂಬ ವಿಧಿ ಅದೇ ಗ್ರಂಥಗಳಲ್ಲಿದೆ. ಐವತ್ತನೆಯ ವರ್ಷದ ಜೂಬಿಲಿಯಲ್ಲಿ ಮಾರಿಹೋದ ಹೊಲ ಮೂಲ ಕುಟುಂಬಕ್ಕೆ ಮರಳಬೇಕೆಂದೂ ಹೇಳಿದೆ.

ಪ್ರವಾದಿಗಳೂ ಪಂಡಿತರೂ

ಆಜ್ಞೆಯಿದ್ದಲ್ಲಿ ಅದನ್ನು ಮೀರುವ ಆಸೆಯೂ ಇರುತ್ತದೆ. ಸಬ್ಬತ್ ಯಾವಾಗ ಮುಗಿದೀತು, ಕಾಳು ಯಾವಾಗ ಮಾರೇವು ಎಂದು ಚಡಪಡಿಸುವ, ಕೊಳಗ ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸಮಾಡುವ ವ್ಯಾಪಾರಿಗಳನ್ನು ಪ್ರವಾದಿ ಆಮೋಸನು ಖಂಡಿಸಿದನು. ಯೆಶಾಯನ ಗ್ರಂಥವು ಆ ದಿನವನ್ನು ಹೊರೆಯೆಂದೆಣಿಸದೆ ಆನಂದವೆಂದೆಣಿಸಬೇಕೆಂದು ಬೋಧಿಸಿತು. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ನೆಹೆಮೀಯನು ಸಬ್ಬತ್ತಿನ ಸಂಜೆಗೆ ಯೆರೂಸಲೇಮಿನ ಬಾಗಿಲುಗಳನ್ನೇ ಮುಚ್ಚಿಸಿ ಸಂತೆಕಾರರನ್ನು ತಡೆದನು.

ಹಾಗಾದರೆ ‘ಕೆಲಸ’ ಯಾವುದು? ಕ್ರಿ. ಶ. 200ರ ಸುಮಾರಿಗೆ ಸಂಗ್ರಹವಾದ ‘ಮಿಷ್ನಾ’ ಎಂಬ ಯೆಹೂದ್ಯ ಧರ್ಮಸಂಹಿತೆಯು 39 ಬಗೆಯ ಕೆಲಸಗಳನ್ನು ಪಟ್ಟಿಮಾಡಿದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಬೀಸುವುದು, ನಾದುವುದು, ನೇಯುವುದು, ಹೊಲಿಯುವುದು, ಕಟ್ಟುವುದು, ಬೆಂಕಿ ಹೊತ್ತಿಸುವುದು, ಆರಿಸುವುದು ಮೊದಲಾದುವು ಅದರಲ್ಲಿ ಬರುತ್ತವೆ. ಇವೆಲ್ಲ ಮರುಭೂಮಿಯಲ್ಲಿ ದೇವಗುಡಾರವನ್ನು ನಿರ್ಮಿಸಲು ಬೇಕಾದ ಕೆಲಸಗಳೆಂದು ಪಂಡಿತರ ವಿವರಣೆ. ಮೈ ದಣಿಯುವುದೇ ಕೆಲಸದ ಲಕ್ಷಣವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ವಸ್ತುವಿನ ಮೇಲೆ ತನ್ನ ಒಡೆತನ ನಡೆಸಿ ಅದನ್ನು ಬೇರೊಂದಾಗಿ ಮಾರ್ಪಡಿಸುವುದೇ ಇಲ್ಲಿ ಕೆಲಸ. ಒಂದು ದಿನದ ಮಟ್ಟಿಗೆ ಮನುಷ್ಯನು ಲೋಕವನ್ನು ತಿದ್ದದೆ ಇದ್ದಹಾಗೆ ಬಿಟ್ಟು ನೋಡಬೇಕು. ಎರಡು ಅಕ್ಷರ ಬರೆಯುವುದೂ ಆ ಪಟ್ಟಿಯಲ್ಲಿದೆ. ಓದುವುದು, ಓದಿದುದನ್ನು ಕೂಡಿ ಚರ್ಚಿಸುವುದು ಇಲ್ಲ. ಅಂದರೆ ಶಿಕ್ಷಕನು ಅಂದು ಗ್ರಂಥಾಧ್ಯಯನ ಮಾಡಬಹುದು, ಉತ್ತರಪತ್ರಿಕೆ ತಿದ್ದುವಂತಿಲ್ಲ! ಈ ನಿಯಮಕ್ಕೆ ನಮ್ಮಲ್ಲಿ ಯಾರೂ ಬೇಸರಪಡಲಾರರು.

ನಿಯಮ ಕಠಿಣವಾದರೂ ಕುರುಡಾಗಿರಲಿಲ್ಲ. ಕ್ರಿಸ್ತಪೂರ್ವ 167ರ ಸುಮಾರಿಗೆ ಗ್ರೀಕ್ ಅರಸನ ಸೈನ್ಯವು ಸಬ್ಬತ್ತಿನ ದಿನ ಮೇಲೆ ಬಿದ್ದಾಗ, ದಿನದ ಪಾವಿತ್ರ್ಯಕ್ಕಾಗಿ ಕೈಯೆತ್ತದೆ ಸುಮಾರು ಸಾವಿರ ಜನ ಸತ್ತರೆಂದು ಮಕ್ಕಬಿಯರ ಮೊದಲನೆಯ ಪುಸ್ತಕ ಹೇಳುತ್ತದೆ. ಅದನ್ನು ಕೇಳಿದ ಮತ್ತಥಿಯನೂ ಅವನ ಸಂಗಡಿಗರೂ ಇನ್ನು ಮುಂದೆ ಆ ದಿನ ಆತ್ಮರಕ್ಷಣೆ ಮಾಡಿಕೊಳ್ಳಬೇಕೆಂದು ನಿಶ್ಚಯಿಸಿದರು. ಪ್ರಾಣಾಪಾಯವಿದ್ದಲ್ಲಿ, ಅದು ಸಂದೇಹಮಾತ್ರವಿದ್ದರೂ, ಸಬ್ಬತ್ತಿನ ನಿಯಮವನ್ನು ಬದಿಗಿಡಬೇಕೆಂದು ಮುಂದೆ ಮಿಷ್ನಾದಲ್ಲಿ ಸ್ಥಿರವಾಯಿತು.

ಮನೆಯಲ್ಲಿ ಇದರ ಆಚರಣೆ ಸೌಮ್ಯವಾದುದು. ದಿನವು ಸಂಜೆಯಿಂದ ಸಂಜೆಗೆ ಎಣಿಕೆಯಾಗುವುದರಿಂದ ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲು ಗೃಹಿಣಿಯು ದೀಪ ಹೊತ್ತಿಸುತ್ತಾಳೆ. ದ್ರಾಕ್ಷಾರಸದ ಬಟ್ಟಲಿನ ಮೇಲೆ ಆಶೀರ್ವಚನವಾಗುತ್ತದೆ. ಮೇಜಿನ ಮೇಲೆ ಎರಡು ರೊಟ್ಟಿಗಳಿರುತ್ತವೆ. ಮರುಭೂಮಿಯಲ್ಲಿ ಆರನೆಯ ದಿನ ‘ಮನ್ನ’ ಎಂಬ ಆಹಾರ ಇಮ್ಮಡಿ ದೊರೆತುದರ ಸ್ಮರಣೆ ಅದು. ಅಡಿಗೆ ಮೊದಲೇ ಆಗಿರುತ್ತದೆ. ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡಮೇಲೆ ಹೆಣೆದ ಮೇಣದ ಬತ್ತಿ, ಸುಗಂಧದ್ರವ್ಯ, ದ್ರಾಕ್ಷಾರಸಗಳೊಡನೆ ದಿನವನ್ನು ಬೀಳ್ಕೊಡುತ್ತಾರೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ತೋರಿತು. ಆಯುಷ್ಯದ ಏಳನೆಯ ಒಂದು ಪಾಲನ್ನು ಯೆಹೂದ್ಯರು ಸೋಮಾರಿತನದಲ್ಲಿ ಕಳೆಯುತ್ತಾರೆಂದು ರೋಮಿನ ತತ್ತ್ವಜ್ಞಾನಿ ಸೆನೆಕನು ಹಳಿದನೆಂದು ಸಂತ ಅಗಸ್ಟೀನನು ದಾಖಲಿಸಿದ್ದಾನೆ. ನಾನು ಆ ಹುಡುಗನ ಬಗ್ಗೆ ತಿಳಿದುದೂ ಅದನ್ನೇ.

ಕೊಂಕಣದ ಶನಿವಾರ ತೇಲಿಗಳು

ಇಷ್ಟು ದೂರದ ವಿಷಯವೆಂದು ವಾಚಕರು ತಿಳಿಯಬಾರದು. ಇದೇ ಮಹಾರಾಷ್ಟ್ರದ ಕೊಂಕಣ ತೀರದಲ್ಲಿ, ಅಲಿಬಾಗದ ಸುತ್ತಲ ಹಳ್ಳಿಗಳಲ್ಲಿ, ‘ಬೆನೆ ಇಸ್ರಾಯೇಲ್’ ಎಂಬ ಯೆಹೂದ್ಯ ಸಮಾಜವು ಶತಮಾನಗಳ ಕಾಲ ಬಾಳಿತು. ಮರಾಠಿ ಅವರ ಮಾತೃಭಾಷೆ, ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಹೊರಗಿನ ಯೆಹೂದ್ಯರ ಸಂಪರ್ಕ ಬಹುಕಾಲ ತಪ್ಪಿಹೋಗಿದ್ದರೂ ಶನಿವಾರ ಮಾತ್ರ ಅವರು ಗಾಣ ಹೂಡುತ್ತಿರಲಿಲ್ಲ. ಅದಕ್ಕೇ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಸೋಮವಾರ ಬಿಡುವು ಮಾಡುವ ಗಾಣಿಗರು ‘ಸೋಮವಾರ ತೇಲಿ’ಗಳು. 1796ರಲ್ಲಿ ಅವರ ಮೊದಲ ಸಭಾಮಂದಿರ ಮುಂಬಯಿಯಲ್ಲಿ ಕಟ್ಟಲ್ಪಟ್ಟಿತು. 1948ರಲ್ಲಿ ಇಸ್ರಾಯೇಲ್ ರಾಷ್ಟ್ರ ಹುಟ್ಟಿದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಭಾಷೆ ಬದಲಾಗಿ, ಉಡುಪು ಬದಲಾಗಿ, ಗ್ರಂಥಗಳೂ ಕೈತಪ್ಪಿದ ಮೇಲೆ ಒಂದು ಜನಾಂಗವನ್ನು ಅದೇ ಜನಾಂಗವಾಗಿ ಉಳಿಸಿದುದರಲ್ಲಿ ಒಂದು ನಿಂತ ಗಾಣದ ಪಾಲು ಎಷ್ಟೆಂಬುದನ್ನು ಗಡಿಯಲ್ಲಿರುವ ನಮ್ಮಂಥವರು ಸುಲಭವಾಗಿ ತಿಳಿಯಬಲ್ಲೆವು.

ಯೇಸುವಿನ ಬೋಧೆ

ಯೇಸು ಯೆಹೂದ್ಯನಾಗಿಯೇ ಹುಟ್ಟಿ ಸಬ್ಬತ್ತಿನ ದಿನ ಸಭಾಮಂದಿರಕ್ಕೆ ಹೋಗುತ್ತಿದ್ದವನು. ಹಸಿದ ಶಿಷ್ಯರು ಅಂದು ತೆನೆ ಮುರಿದುದನ್ನು ಫರಿಸಾಯರು ಆಕ್ಷೇಪಿಸಿದಾಗ ಆತನು, ದಿನವಿರುವುದು ಮನುಷ್ಯನ ಹಿತಕ್ಕೆ, ಮನುಷ್ಯನಿರುವುದು ದಿನದ ಸಲುವಾಗಿ ಅಲ್ಲ ಎಂಬ ಅರ್ಥದ ಉತ್ತರ ಕೊಟ್ಟನು. ಇದು ಯೆಹೂದ್ಯ ಧರ್ಮವನ್ನೇ ತಿರಸ್ಕರಿಸಿದ ಮಾತೆಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಎರಡನೆಯ ಶತಮಾನದ ಯೆಹೂದ್ಯ ಗುರು ಶಿಮೋನ್ ಬೆನ್ ಮೆನಸ್ಯನ ಹೆಸರಿನಲ್ಲಿ ಇಂಥದೇ ಅಭಿಪ್ರಾಯ ಅವರ ಗ್ರಂಥದಲ್ಲಿ ಉಳಿದಿದೆ. ಇದು ಮನೆಯೊಳಗಿನ ಚರ್ಚೆ.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದ ಪ್ರಸಂಗ ಇದಕ್ಕಿಂತ ಮಾರ್ಮಿಕವಾದುದು. 18 ವರ್ಷಗಳಿಂದ ಬೆನ್ನು ಬಾಗಿದ್ದ ಒಬ್ಬ ಹೆಂಗಸನ್ನು ಯೇಸು ಸಬ್ಬತ್ತಿನ ದಿನ ಗುಣಪಡಿಸಿದನು. ಸಭಾಮಂದಿರದ ಅಧಿಕಾರಿಯು, ಕೆಲಸಕ್ಕೆ ಆರು ದಿನಗಳಿರುವಾಗ ಈ ದಿನವೇ ಆಗಬೇಕಿತ್ತೇ ಎಂದು ಸಿಟ್ಟಾದನು. ನೀವು ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವಿರಲ್ಲ, ಈಕೆಯ ಕಟ್ಟು ಬಿಚ್ಚಬಾರದೇ ಎಂದು ಯೇಸು ಕೇಳಿದನು. ಕಟ್ಟು ಬಿಚ್ಚುವುದೆಂದರೆ ಬಿಡುಗಡೆ. ಧರ್ಮೋಪದೇಶಕಾಂಡವು ಹೇಳಿದ ಎರಡನೆಯ ಕಾರಣವೇ ಇಲ್ಲಿ ಮತ್ತೆ ಮುಂದಕ್ಕೆ ಬಂದಿದೆ.

ಏಳನೆಯ ದಿನದಿಂದ ಒಂದನೆಯ ದಿನಕ್ಕೆ

ಯೇಸು ವಾರದ ಒಂದನೆಯ ದಿನ ಪುನರುತ್ಥಾನ ಹೊಂದಿದನೆಂಬ ನಂಬಿಕೆಯಿಂದ ಕ್ರೈಸ್ತರು ರವಿವಾರ ಕೂಡತೊಡಗಿದರು. ಕ್ರಿ. ಶ. 150ರ ಸುಮಾರಿಗೆ ಜಸ್ಟಿನನು ರೋಮಿನಲ್ಲಿದ್ದು ಬರೆದ ವರ್ಣನೆಯಲ್ಲಿ ಅಂದು ಗ್ರಂಥಪಠನ, ಪ್ರಾರ್ಥನೆ, ರೊಟ್ಟಿ ಮುರಿಯುವಿಕೆ, ಬಡವರಿಗಾಗಿ ವಂತಿಗೆ ಇಷ್ಟೂ ನಡೆಯುತ್ತಿದ್ದುವೆಂದಿದೆ. ಆದರೆ ಆಗ ಅದು ಬಿಡುವಿನ ದಿನವಾಗಿರಲಿಲ್ಲ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ರವಿವಾರ ನ್ಯಾಯಾಧೀಶರೂ ಪಟ್ಟಣಿಗರೂ ಕಸುಬುದಾರರೂ ಕೆಲಸ ನಿಲ್ಲಿಸಬೇಕೆಂದು ಶಾಸನ ಹೊರಡಿಸಿದನು. ರೈತರಿಗೆ ಮಾತ್ರ ವಿನಾಯಿತಿಯಿತ್ತು. ಬಿತ್ತನೆಯ ಹದ ವಾರ ನೋಡಿ ಬರುವುದಿಲ್ಲವಷ್ಟೆ. ಹೀಗೆ ಯೆಹೂದ್ಯರ ವಿಶ್ರಾಂತಿ, ಕ್ರೈಸ್ತರ ಆರಾಧನೆ, ರೋಮಿನ ರಾಜಾಜ್ಞೆ ಈ ಮೂರೂ ಸೇರಿ ಇಂದಿನ ರವಿವಾರ ಹುಟ್ಟಿತು.

ಅರ್ಥವೂ ಒಳಮುಖವಾಯಿತು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯು ದೇವಜನರಿಗೆ ಇನ್ನೂ ಒಂದು ಸಬ್ಬತ್ ಉಳಿದಿದೆಯೆಂದು ಹೇಳಿತು. ಆದಿಕಾಂಡದಲ್ಲಿ ಮೊದಲ ಆರು ದಿನಗಳಿಗೆ ‘ಸಾಯಂಕಾಲವಾಯಿತು’ ಎಂಬ ಮುಕ್ತಾಯವುಂಟು, ಏಳನೆಯದಕ್ಕೆ ಇಲ್ಲ. ಇದನ್ನು ಹಿಡಿದು ಅಗಸ್ಟೀನನು, ಮನುಷ್ಯನ ಆತ್ಮ ಕೊನೆಗೆ ಸೇರುವುದು ಸಂಜೆಯಿಲ್ಲದ ಆ ದಿನವನ್ನು ಎಂದು ವ್ಯಾಖ್ಯಾನಿಸಿದನು. ಇಪ್ಪತ್ತನೆಯ ಶತಮಾನದ ಕಾರ್ಲ್ ಬಾರ್ಥನು ಇನ್ನೊಂದು ಸೂಕ್ಷ್ಮ ತೋರಿಸಿದನು: ಮನುಷ್ಯನು ಸೃಷ್ಟಿಯಾದುದು ಆರನೆಯ ದಿನ, ದೇವರಿಗೆ ಏಳನೆಯದಾದ ವಿಶ್ರಾಂತಿ ದಿನ ಅವನಿಗೆ ಮೊದಲನೆಯದು. ಅಂದಮೇಲೆ ವಿಶ್ರಾಂತಿಯು ಅವನ ದುಡಿಮೆಗೆ ಸಿಕ್ಕ ಸಂಬಳವಲ್ಲ. ದುಡಿಯುವ ಮೊದಲೇ ದೊರೆತ ದಾನ.

ಎಲ್ಲ ಕ್ರೈಸ್ತರೂ ಒಂದೇ ಬಗೆಯಾಗಿ ನಡೆದುಕೊಂಡರೆಂದಲ್ಲ. ಇಥಿಯೋಪಿಯದ ಸಭೆ ಶನಿವಾರ ರವಿವಾರ ಎರಡನ್ನೂ ಗೌರವಿಸುತ್ತದೆ. ಸುಧಾರಕ ಕ್ಯಾಲ್ವಿನನು ಈ ಆಜ್ಞೆಯಲ್ಲಿ ಆತ್ಮದ ವಿಶ್ರಾಂತಿ, ಸಭೆಯ ಕೂಟ, ಸೇವಕರಿಗೆ ಬಿಡುವು ಎಂಬ ಮೂರು ಪ್ರಯೋಜನಗಳನ್ನು ಕಂಡನು. ಇಂಗ್ಲೆಂಡಿನ ಪ್ಯೂರಿಟನ್ನರು ರವಿವಾರವನ್ನೇ ಕ್ರೈಸ್ತ ಸಬ್ಬತ್ತೆಂದು ಸಾರಿ ಆಟಪಾಟಗಳನ್ನೂ ನಿಷೇಧಿಸಲು ಹೊರಟರು. ಅರಸ ಒಂದನೆಯ ಜೇಮ್ಸನು 1618ರಲ್ಲಿ ಪ್ರಾರ್ಥನೆಯಾದ ಮೇಲೆ ಜನ ಕುಣಿದಾಡಲಿ ಎಂದು ಪ್ರಕಟಣೆ ಹೊರಡಿಸಬೇಕಾಯಿತು. 1863ರಲ್ಲಿ ಅಮೆರಿಕದಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಂಥವರು, ಆಜ್ಞೆ ಏಳನೆಯ ದಿನವೆಂದ ಮೇಲೆ ಏಳನೆಯ ದಿನವೇ ಸರಿ ಎಂದು ಶನಿವಾರಕ್ಕೆ ಮರಳಿದರು.

ಕೂಡಿ ವಿಶ್ರಮಿಸುವುದು

ಧರ್ಮವನ್ನು ಬಿಟ್ಟು ಬಿಡುವನ್ನಷ್ಟೇ ಇಟ್ಟುಕೊಳ್ಳುವ ಪ್ರಯೋಗಗಳೂ ಆದುವು. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನದ ವಾರ ತಂದರು. ಏಳಕ್ಕೊಮ್ಮೆಯ ಬಿಡುವು ಹತ್ತಕ್ಕೊಮ್ಮೆಯಾಯಿತು. ಆ ಪಂಚಾಂಗ 1806ರ ಆರಂಭಕ್ಕೆ ರದ್ದಾಯಿತು. ಸೋವಿಯೆತ್ ಸರಕಾರವು 1929ರಲ್ಲಿ ಯಂತ್ರಗಳು ನಿಲ್ಲದಂತೆ ಐದು ದಿನದ ವಾರ ತಂದು ಕೆಲಸಗಾರರಿಗೆ ಸರದಿಯ ಮೇಲೆ ಬಿಡುವು ಕೊಟ್ಟಿತು. ಗಂಡನ ಬಿಡುವು ಒಂದು ದಿನ, ಹೆಂಡತಿಯದು ಇನ್ನೊಂದು ದಿನವಾಗಿ ಜನ ಬೇಸತ್ತರು. 1940ರಲ್ಲಿ ಏಳು ದಿನದ ವಾರ ಹಿಂದಿರುಗಿತು. ವಿಶ್ರಾಂತಿ ಒಬ್ಬೊಬ್ಬರಿಗೆ ಹಂಚುವ ಪಡಿಯಲ್ಲ, ಎಲ್ಲರೂ ಕೂಡಿದಾಗಲೇ ಅದು ತುಂಬುವುದು ಎಂದು ಈ ಪ್ರಯೋಗಗಳಿಂದ ಸಿದ್ಧವಾಯಿತು.

ನಮ್ಮ ದೇಶದಲ್ಲಿ ಮುಂಬಯಿಯ ಗಿರಣಿ ಕೆಲಸಗಾರರಿಗೆ ರವಿವಾರದ ಬಿಡುವು ತಾನಾಗಿ ಬರಲಿಲ್ಲ. ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಸಭೆ ಸೇರಿಸಿ ಬೇಡಿಕೆಯಿಟ್ಟು, 1890ರ ಜೂನಿನಲ್ಲಿ ಮಾಲಕರಿಂದ ಅದನ್ನು ಪಡೆದರು. 1948ರ ಕಾರಖಾನೆ ಕಾಯಿದೆಯು ವಾರದ ರಜೆಯನ್ನು ತನ್ನ 52ನೆಯ ಕಲಮಿನಲ್ಲಿ ವಿಧಿಸಿತು. ದಾಸನೂ ನಿನ್ನಂತೆ ವಿಶ್ರಮಿಸಲಿ ಎಂಬ ಪುರಾತನ ಮಾತಿನ ಆಶಯ ಹೀಗೆ ಧರ್ಮಗ್ರಂಥದ ಹೊರಗೂ ನಡೆದು ಬಂದಿತು.

ನಮ್ಮ ಪಾಲಿಗೆ

ಈಗ ಗೌಂಡಿಯ ಮಾತಿಗೆ ಬರೋಣ. ರಜೆಯನ್ನು ಮೇಲಿನವನೊಬ್ಬನು ಮಂಜೂರು ಮಾಡುತ್ತಾನೆ; ಬೇಕಾದರೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಸಬ್ಬತ್ತನ್ನು ಯಾವ ಯಜಮಾನನೂ ಮಂಜೂರು ಮಾಡುವುದಿಲ್ಲ. ಆದಕಾರಣ ಯಾವನೂ ಕಸಿದುಕೊಳ್ಳಲಾರನು. ಒಂದು ದಿನದ ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ಆ ಮನುಷ್ಯನು ತಾನು ಬರಿಯ ಕೂಲಿಯವನಲ್ಲವೆಂದು ವಾರವಾರವೂ ಸಾಕ್ಷಿ ಹೇಳುತ್ತಿದ್ದನು.

ಇದನ್ನೆಲ್ಲ ಓದಿದ ಮೇಲೆ ನನ್ನ ಶಾಲೆಯ ಕಡೆ ನೋಡಿದೆ. ಹತ್ತನೆಯ ಇಯತ್ತೆಯ ಫಲಿತಾಂಶ ಏರಿಸಲು ನಾನೇ ಪ್ರತಿ ರವಿವಾರ ವಿಶೇಷ ವರ್ಗ ಏರ್ಪಡಿಸಿದ್ದೆ. ಶಿಕ್ಷಕರು ಸರದಿಯ ಮೇಲೆ ಬರುತ್ತಿದ್ದರು, ನಾನು ಮನೆಯಲ್ಲಿರುತ್ತಿದ್ದೆ. ಬಾಗಿಲು ತೆರೆದು, ಕಸ ಗುಡಿಸಿ, ನೀರು ತುಂಬಿ, ಗಂಟೆ ಬಾರಿಸಿ, ಮತ್ತೆ ಬೀಗ ಹಾಕುವ ಸಿಪಾಯಿ ಮಾತ್ರ ಒಬ್ಬನೇ. ಎರಡು ವರ್ಷ ಅವನಿಗೆ ಒಂದು ರವಿವಾರವೂ ಸಿಕ್ಕಿರಲಿಲ್ಲ. ಅವನೂ ಹೇಳಲಿಲ್ಲ, ನಾನೂ ಎಣಿಸಲಿಲ್ಲ. ಆಜ್ಞೆಯ ಆ ಉದ್ದನೆಯ ಪಟ್ಟಿಯಲ್ಲಿ ದಾಸನ ಹೆಸರು ಏಕಿದೆಯೆಂದು ಆಗ ನನಗೆ ತಿಳಿಯಿತು: ಹೆಸರಿಟ್ಟು ಹೇಳದಿದ್ದರೆ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ.

ವಿಶೇಷ ವರ್ಗಗಳನ್ನು ವಾರದ ದಿನಗಳ ಸಂಜೆಗೆ ಬದಲಾಯಿಸಿದೆ. ಕೆಲವು ಪಾಲಕರು ಗೊಣಗಿದರು, ನಾನು ತಡೆದುಕೊಂಡೆ. ಇದರಿಂದ ಫಲಿತಾಂಶ ಏರಿತೆಂದಾಗಲಿ ಇಳಿಯಿತೆಂದಾಗಲಿ ನಾನು ಲೆಕ್ಕ ಇಟ್ಟಿಲ್ಲ. ಲೆಕ್ಕವನ್ನು ನಿಲ್ಲಿಸಬೇಕಾದ ಸ್ಥಳವೊಂದುಂಟು ಎಂಬುದೇ ಸಬ್ಬತ್ತಿನ ಪಾಠವೆಂದು ನಾನು ತಿಳಿದಿದ್ದೇನೆ. ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.